ಬಾತ್‌ರೂಮ್ ಸಾಕೆಟ್ ಪದೇ ಪದೇ ಟ್ರಿಪ್: ಕೊನೆಗೂ ಕರೆಂಟ್ ಲೀಕ್ ಸಿಕ್ಕಿದ್ದು ಹೀಗೆ

ನಮ್ಮ ಬಾತ್‌ರೂಮಿನ ಕನ್ನಡಿ ಪಕ್ಕ ಒಂದು ಸೇಫ್ಟಿ ಸಾಕೆಟ್ ಇದೆ. ಟೆಸ್ಟ್, ರೀಸೆಟ್ ಅಂತ ಎರಡು ಬಟನ್ ಇರುತ್ತದಲ್ಲ, ಆ ತರಹದ್ದು. ಜಿಎಫ್‌ಸಿಐ ಅಂತ ಹೆಸರು. ಒಂದು ವಾರ ಅದು ಮನೆಯವರನ್ನೆಲ್ಲ ಗೋಳು ಹೊಯ್ದುಕೊಂಡಿತು. ರೀಸೆಟ್ ಒತ್ತಿದರೆ ಕರೆಂಟ್ ಬರುತ್ತಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಟಕ್ ಅಂತ ಮತ್ತೆ ಟ್ರಿಪ್.

ಮೊದಲು ಅನುಮಾನ ಬಂದದ್ದು ಹೇರ್ ಡ್ರೈಯರ್ ಮೇಲೆ. ಅದನ್ನು ಅಡುಗೆಮನೆಯ ಸೇಫ್ಟಿ ಸಾಕೆಟ್‌ಗೆ ಹಾಕಿ ಹತ್ತು ನಿಮಿಷ ಓಡಿಸಿದೆ. ಏನೂ ಆಗಲಿಲ್ಲ. ಆಮೇಲೆ ಬಾತ್‌ರೂಮಿನ ಸಾಕೆಟ್‌ನಿಂದ ಎಲ್ಲ ಪ್ಲಗ್ ತೆಗೆದು ಖಾಲಿ ಬಿಟ್ಟೆ. ಆಗಲೂ ಟ್ರಿಪ್ ಆಯಿತು.

"ಮಾಮೂಲಿ ಸಾಕೆಟ್ ಹಾಕಿಬಿಡೋ, ತಲೆನೋವು ಹೋಗುತ್ತೆ" ಅಂದ ಅಣ್ಣ. "ಮಕ್ಕಳು ಒದ್ದೆ ಕೈಯಲ್ಲಿ ಮುಟ್ಟೋ ಜಾಗ ಅಣ್ಣ, ಬೇಡ" ಅಂದೆ. ಈ ವಿಷಯದಲ್ಲಿ ನಾನು ಹಟಮಾರಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯಾ ಅಂತ ಈ ಸಾಕೆಟ್ ಕಾಯುತ್ತಾ ಇರುತ್ತದೆ. ಸುಮಾರು 5 ಮಿಲಿ ಆಂಪಿಯರ್ ಕಡಿಮೆ ಬಂದರೂ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುತ್ತದೆ. ಆ ಕಳೆದುಹೋದ ಕರೆಂಟ್ ಯಾರದೋ ಮೈಯಿಂದ ನೆಲಕ್ಕೆ ಹೋಗುತ್ತಿರಬಹುದು. ಮನೆಯ ಬೋರ್ಡ್‌ನಲ್ಲಿರುವ ಬ್ರೇಕರ್, ಅಂದರೆ ಎಂಸಿಬಿ, ನೋಡುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್ ಮಾತ್ರ, ಇಷ್ಟು ಸಣ್ಣ ಲೀಕ್ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮಲ್ಲೂ ಎಂಸಿಬಿ ಒಮ್ಮೆಯೂ ಬೀಳಲಿಲ್ಲ. ಹಾಗಾದರೆ ಎಲ್ಲೋ ಲೀಕ್ ಇದೆ ಅಂತ ಆಯಿತು.

ಎಂಸಿಬಿ ಆಫ್ ಮಾಡಿದೆ. ಟೆಸ್ಟರ್ ಅನ್ನು ಮೊದಲು ಕರೆಂಟ್ ಇರುವ ಇನ್ನೊಂದು ಸಾಕೆಟ್‌ನಲ್ಲಿ ನೋಡಿ, ಅದು ಕೆಲಸ ಮಾಡುತ್ತಿದೆ ಅಂತ ಖಚಿತ ಮಾಡಿಕೊಂಡು, ಆಮೇಲೆ ಇಲ್ಲಿ ಇಟ್ಟೆ. ಈ ಹೆಜ್ಜೆ ದಯವಿಟ್ಟು ಬಿಡಬೇಡಿ. ಕೆಟ್ಟ ಟೆಸ್ಟರ್ ಕೂಡ ಕರೆಂಟ್ ಇಲ್ಲ ಅಂತಲೇ ತೋರಿಸುತ್ತದೆ.

ಸಾಕೆಟ್ ಹೊರಗೆ ಎಳೆದಾಗ ಹಿಂದೆ ಎರಡು ಜೊತೆ ವೈರ್ ಇದ್ದವು. ಒಂದು ಜೊತೆ 'ಲೈನ್' ಅಂತ ಬರೆದಿರುವ ಕಡೆ, ಇನ್ನೊಂದು 'ಲೋಡ್' ಕಡೆ. ಲೈನ್ ಅಂದರೆ ಕರೆಂಟ್ ಬರುವ ದಾರಿ. ಲೋಡ್‌ನಿಂದ ಮುಂದಿನ ಸಾಕೆಟ್‌ಗಳಿಗೆ ಹೋಗುತ್ತದೆ. ಅಂದರೆ ಮುಂದೆ ಎಲ್ಲೇ ಲೀಕ್ ಆದರೂ ಟ್ರಿಪ್ ಆಗುವುದು ಇದೇ! ಲೋಡ್ ವೈರ್‌ಗಳನ್ನು ಬಿಚ್ಚಿ, ಒಂದೊಂದಕ್ಕೂ ಬೇರೆ ಬೇರೆ ಕ್ಯಾಪ್ ಹಾಕಿ, ಸಾಕೆಟ್ ಮತ್ತೆ ಕೂರಿಸಿ ಆನ್ ಮಾಡಿದೆ. ರಾತ್ರಿಯಿಡೀ ಟ್ರಿಪ್ ಆಗಲಿಲ್ಲ. ಟೆಸ್ಟ್ ಬಟನ್ ಒತ್ತಿದಾಗ ಸರಿಯಾಗಿ ಕಟ್ ಆಯಿತು.

ಬೆಳಿಗ್ಗೆ ಒಂದು ಲ್ಯಾಂಪ್ ಹಿಡಿದು ಮನೆಯೆಲ್ಲ ಸುತ್ತಿದೆ. ಎರಡು ಸಾಕೆಟ್‌ನಲ್ಲಿ ಕರೆಂಟ್ ಇರಲಿಲ್ಲ. ಒಂದು ಎರಡನೇ ಬಾತ್‌ರೂಮಿನದು, ಇನ್ನೊಂದು ಹೊರಗೋಡೆಯದು. ಆ ವಾರ ಪೂರ್ತಿ ಮಳೆ. ಬಿಸಿಲು ಬಂದ ಮಧ್ಯಾಹ್ನ ಸಾಕೆಟ್ ಟ್ರಿಪ್ ಆಗದೆ ಜಾಸ್ತಿ ಹೊತ್ತು ನಿಂತದ್ದು ಆಗ ನೆನಪಾಯಿತು.

ಎಂಸಿಬಿ ಮತ್ತೆ ಆಫ್ ಮಾಡಿ ಹೊರಗಿನದನ್ನು ಬಿಚ್ಚಿದೆ. ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಡಬ್ಬಿಯ ತಳದಲ್ಲಿ ಕೆಸರಿನ ತೆಳು ಪದರ. ಸ್ಕ್ರೂ ಸುತ್ತ ತಾಮ್ರ ಹಸಿರುಗಟ್ಟಿತ್ತು, ಒಂದು ಜೇಡರ ಬಲೆ ಫೇಸ್ ಸ್ಕ್ರೂನಿಂದ ಅರ್ಥಿಂಗ್ ಸ್ಕ್ರೂವರೆಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಇಲ್ಲಿಗೆ ಬರುವ ವೈರ್‌ಗಳನ್ನು ಆ ಕಡೆ ತುದಿಯಲ್ಲೂ ಬಿಚ್ಚಿ, ಫೇಸ್ ಮತ್ತು ಅರ್ಥಿಂಗ್ ನಡುವೆ ಮಲ್ಟಿಮೀಟರ್ ಇಟ್ಟೆ. ಸುಮಾರು 18 ಕಿಲೋ ಓಮ್ ತೋರಿಸಿತು, ನೋಡುತ್ತಿದ್ದಂತೆ ಮೇಲೆ ಕೆಳಗೆ ಆಡಿತು. 230 ವೋಲ್ಟ್‌ನಲ್ಲಿ 5 ಮಿಲಿ ಆಂಪಿಯರ್ ಹರಿಯಲು 46 ಕಿಲೋ ಓಮ್ ಇದ್ದರೇ ಸಾಕು, ಓಮ್ ಕಡಿಮೆ ಆದಷ್ಟೂ ಲೀಕ್ ಜಾಸ್ತಿ. ಇನ್ನು ಟ್ರಿಪ್ ಆಗದೆ ಇರುತ್ತದಾ?

ಹಸಿರುಗಟ್ಟಿದ ತುದಿಯನ್ನು ಕತ್ತರಿಸಿ, ಹೊಸ ತಾಮ್ರ ಕಾಣುವವರೆಗೆ ಸುಲಿದೆ. ಹೊಸ ಸಾಕೆಟ್, ಹೊಸ ಡಬ್ಬಿ, ಪ್ಲಗ್ ಹಾಕಿದಾಗಲೂ ಮುಚ್ಚಿಕೊಳ್ಳುವ ಮುಚ್ಚಳ. ಗೋಡೆಗೆ ಸೇರುವ ಕಡೆ ಮೇಲೆ ಮತ್ತು ಎರಡೂ ಪಕ್ಕ ಸೀಲಂಟ್ ಹಚ್ಚಿ, ಒಳಗೆ ಹೋದ ನೀರು ಇಳಿಯಲಿ ಅಂತ ಕೆಳಗೆ ಖಾಲಿ ಬಿಟ್ಟೆ. ಮೀಟರ್ ಈಗ ಯಾವ ಲೀಕನ್ನೂ ತೋರಿಸಲಿಲ್ಲ.

ಎಲ್ಲ ಜೋಡಿಸಿ ಆನ್ ಮಾಡಿದರೆ, ಆ ಕ್ಷಣವೇ ಟ್ರಿಪ್! ಎದೆ ಧಸಕ್ಕೆಂದಿತು. ಮತ್ತೆ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ನ್ಯೂಟ್ರಲ್ ವೈರನ್ನು ಸ್ವಲ್ಪ ಉದ್ದ ಸುಲಿದಿದ್ದೆ. ಡಬ್ಬಿಯೊಳಗೆ ತಳ್ಳುವಾಗ ಅದು ಬರಿ ಅರ್ಥಿಂಗ್ ವೈರ್‌ಗೆ ತಾಗಿತ್ತು. ಮುಂದೆ ಎಲ್ಲಾದರೂ ನ್ಯೂಟ್ರಲ್ ಮತ್ತು ಅರ್ಥಿಂಗ್ ಸೇರಿದರೂ ಈ ಸಾಕೆಟ್ ಹಿಡಿಯುತ್ತದೆ, ಏನೂ ಪ್ಲಗ್ ಮಾಡದಿದ್ದರೂ ಸರಿ. ತುದಿ ಗಿಡ್ಡ ಮಾಡಿ ಹಾಕಿದ ಮೇಲೆ ಟ್ರಿಪ್ ಆಗುವುದು ನಿಂತಿತು.

ನನ್ನ ಪುಣ್ಯಕ್ಕೆ ಲೀಕ್ ಡಬ್ಬಿಯಲ್ಲೇ ಇತ್ತು. ಗೋಡೆಯೊಳಗಿನ ವೈರ್‌ನಲ್ಲಿ ಇದ್ದಿದ್ದರೆ ಎಲೆಕ್ಟ್ರಿಷಿಯನ್‌ನನ್ನೇ ಕರೆಯುತ್ತಿದ್ದೆ. ಅದಕ್ಕೆ ಹೆಚ್ಚು ವೋಲ್ಟೇಜ್ ಕೊಟ್ಟು ವೈರ್ ಪರೀಕ್ಷಿಸುವ ಮೆಗ್ಗರ್ ಅನ್ನೋ ಮೀಟರ್ ಬೇಕು, ಮಲ್ಟಿಮೀಟರ್‌ನ ಸಣ್ಣ ವೋಲ್ಟೇಜ್‌ಗೆ ಅಂಥ ಲೀಕ್ ಕಾಣದೆ ಹೋಗಬಹುದು.

ಆಮೇಲೆ ಎರಡು ಸಲ ಜೋರು ಮಳೆ ಬಂತು. ಎರಡೂ ಸಲ ರಾತ್ರಿ ಎದ್ದು ಹೋಗಿ ನೋಡಿದೆ. ಸಾಕೆಟ್‌ನ ಸಣ್ಣ ಹಸಿರು ದೀಪ ಉರಿಯುತ್ತಲೇ ಇತ್ತು.