ಕೆಸರು ಜ್ವಾಲಾಮುಖಿಯ ಆರ್ಸೆನಿಕ್ ಮತ್ತು ಅದನ್ನು ಬಿಡಿಸುವ ಸೂಕ್ಷ್ಮಜೀವಿಗಳು: ನನ್ನ ಅನುಭವ

ಕೆಸರು ಜ್ವಾಲಾಮುಖಿ ಅಂದರೆ ಬೆಂಕಿ, ಲಾವಾ ಅಂದುಕೊಳ್ಳುವವರೇ ಜಾಸ್ತಿ. ನಾನು ಕೆಲಸ ಮಾಡಿದ್ದು ದಕ್ಷಿಣ ತೈವಾನ್‌ನ ಕಾವೋಸ್ಯುಂಗ್ ಕಡೆ, ವುಶಾನ್‌ಡಿಂಗ್ ಸುತ್ತಮುತ್ತ. ಅಲ್ಲಿನ ಕೆಸರು ಸುಡುವುದೇ ಇಲ್ಲ. ಆಳದ ಜೇಡಿಪದರಗಳಲ್ಲಿ ಒತ್ತಡಕ್ಕೆ ಸಿಕ್ಕ ಉಪ್ಪುನೀರು ಮತ್ತು ಮೀಥೇನ್, ಬಿರುಕು ಹಿಡಿದು ಮೇಲೆ ಬರುವಾಗ ಮಣ್ಣನ್ನೂ ಎಳೆದು ತರುತ್ತವೆ. ಜೊತೆಗೆ ಆರ್ಸೆನಿಕ್ ಕೂಡ ಬರುತ್ತದೆ.

ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ತೈವಾನ್‌ನ ನೈಋತ್ಯ ಕರಾವಳಿಯಲ್ಲಿ ಆಳದ ಬಾವಿಗಳ ನೀರು ಕುಡಿದ ಜನರಿಗೆ ಬ್ಲ್ಯಾಕ್‌ಫುಟ್ ಅನ್ನುವ ಕಾಯಿಲೆ ಬಂದಿತ್ತು, ಕಾಲು ಕಪ್ಪಾಗಿ ಕೊಳೆತು ಎಷ್ಟೋ ಮಂದಿಗೆ ಕತ್ತರಿಸಬೇಕಾಯಿತು. ಆ ನೀರಿನಲ್ಲಿ ಆರ್ಸೆನಿಕ್ ವಿಪರೀತ ಇತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಜ್ವಾಲಾಮುಖಿಯ ನೀರನ್ನು ಯಾರೂ ಕುಡಿಯುವುದಿಲ್ಲ ನಿಜ, ಆದರೆ ಗಾಳಿಯಿಲ್ಲದ ಆಳದಲ್ಲಿ ಮಣ್ಣಿನಿಂದ ಆರ್ಸೆನಿಕ್ ಹೇಗೆ ಬಿಡಿಸಿಕೊಳ್ಳುತ್ತದೆ ಅಂತ ಬಾವಿ ಕೊರೆಯದೇ ನೋಡಲು ಇದಕ್ಕಿಂತ ಒಳ್ಳೆಯ ಕಿಂಡಿ ನನಗೆ ಕಂಡಿಲ್ಲ.

ನನ್ನ ಪ್ರಕಾರ ಈ ಕೆಲಸದ ಹಣೆಬರಹ ತೀರ್ಮಾನವಾಗುವುದು ಲ್ಯಾಬಿನಲ್ಲಲ್ಲ, ಕೆಸರು ಉಕ್ಕುವ ಬಾಯಿಯ ಪಕ್ಕದಲ್ಲೇ. ಆರ್ಸೆನಿಕ್‌ಗೆ ಮುಖ್ಯವಾಗಿ ಎರಡು ರೂಪ. ಆರ್ಸೆನೇಟ್ ಕಬ್ಬಿಣದ ಆಕ್ಸೈಡಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆರ್ಸೆನೈಟ್ ಸಾಮಾನ್ಯವಾಗಿ ಸುಲಭವಾಗಿ ನೀರಿಗೆ ಇಳಿಯುತ್ತದೆ, ವಿಷವೂ ಜಾಸ್ತಿ. ಗಾಳಿ ಸೋಕಿದರೆ ನೀರಿನಲ್ಲಿ ಕರಗಿದ ಕಬ್ಬಿಣ ತುಕ್ಕಾಗಿ ಕೂರುತ್ತದೆ, ಕೂರುವಾಗ ಆರ್ಸೆನಿಕ್ಕನ್ನೂ ಎಳೆದುಕೊಳ್ಳುತ್ತದೆ. ಒಣಗುತ್ತಿರುವ ಕೆಸರಿನ ಅಂಚಿನಲ್ಲಿ ತೆಳ್ಳಗೆ ಕಿತ್ತಳೆ ಬಣ್ಣದ ಪೊರೆ ಕಾಣುತ್ತದಲ್ವಾ, ಅದೇ ಕೆಲಸ ನಿಮ್ಮ ಬಾಟಲಿಯೊಳಗೂ ನಡೆಯುತ್ತದೆ.

ಅದಕ್ಕೇ ನಾನು ತುದಿ ಕತ್ತರಿಸಿದ ದೊಡ್ಡ ಸಿರಿಂಜ್‌ನಿಂದ ಗುಳ್ಳೆ ಏಳುವ ಜಾಗದ ಕೆಳಗಿನ ಕೆಸರನ್ನೇ ಎಳೆದು, ಸೆಂಟ್ರಿಫ್ಯೂಜ್ ಟ್ಯೂಬಿನ ಕಂಠದ ತನಕ ತುಂಬಿ, ಒಳಗೆ ಗಾಳಿ ಉಳಿಯದಂತೆ ಮುಚ್ಚುತ್ತೇನೆ. ತಿರುಗಿಸಿದ ಮೇಲೆ ಸಿಗುವ ನೀರನ್ನು ನೈಟ್ರೋಜನ್ ತುಂಬಿದ ಚೀಲದೊಳಗೇ ಸೋಸುವುದು. ಆಮೇಲೆ ಕಬ್ಬಿಣವನ್ನು ಹಿಡಿದಿಡಲು ಇಡಿಟಿಎ, ಸ್ವಲ್ಪ ಅಸಿಟಿಕ್ ಆಮ್ಲ, ಕಪ್ಪು ಬಾಟಲಿ, ತಂಪು ಪೆಟ್ಟಿಗೆ. ಒಂದು ಎಚ್ಚರಿಕೆ: ಕೆಸರು ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಆಮ್ಲ ಹಾಕಲೇಬೇಡಿ. ಅಂಥ ನೀರಿನಲ್ಲಿ ಸಲ್ಫೈಡ್ ಇರುತ್ತದೆ, ಆಮ್ಲ ಬಿದ್ದ ತಕ್ಷಣ ಆರ್ಸೆನಿಕ್ ಸಲ್ಫೈಡ್ ಆಗಿ ತಳ ಸೇರಿಬಿಡಬಹುದು. ಅಂಥ ನೀರನ್ನು ನಾನು ಡ್ರೈ ಐಸ್‌ನಲ್ಲಿ ಹಾಗೇ ಹೆಪ್ಪುಗಟ್ಟಿಸುತ್ತೇನೆ.

ಎರಡು ರೂಪಗಳನ್ನು ಸ್ಥಳದಲ್ಲೇ ಬೇರ್ಪಡಿಸುವ ಕಾರ್ಟ್ರಿಡ್ಜ್‌ಗಳಿವೆ, ಆರ್ಸೆನೇಟ್ ಅದರಲ್ಲಿ ನಿಲ್ಲುತ್ತದೆ, ಆರ್ಸೆನೈಟ್ ದಾಟಿಹೋಗುತ್ತದೆ. ಆದರೆ ಈ ನೀರು ಉಪ್ಪು. ಕ್ಲೋರೈಡ್ ಜಾಗ ಹಿಡಿದುಕೊಂಡರೆ ಆರ್ಸೆನೇಟ್ ಕೂಡ ಜಾರಿಹೋಗುತ್ತದೆ. ಹಾಗಾಗಿ ಅದೇ ನೀರಿಗೆ ಗೊತ್ತಿರುವಷ್ಟು ಆರ್ಸೆನೇಟ್ ಬೆರೆಸಿ, ನಿಲ್ಲುತ್ತದೋ ಇಲ್ಲವೋ ಮೊದಲು ನೋಡಿಕೊಳ್ಳುತ್ತೇನೆ. ಧಾತುಗಳನ್ನು ಪರಮಾಣು ತೂಕದಿಂದ ಗುರುತಿಸಿ ಅಳೆಯುವ ಯಂತ್ರ ಐಸಿಪಿ-ಎಂಎಸ್‌ನಲ್ಲೂ ಇದೇ ಉಪ್ಪಿನ ಕಾಟ: ಆರ್ಗಾನ್ 40, ಕ್ಲೋರಿನ್ 35 ಕೂಡಿ 75 ಆಗುತ್ತದೆ, ಆರ್ಸೆನಿಕ್ಕಿನ ತೂಕವೂ 75. ಈ ಜೋಡಿಯನ್ನು ತಡೆಯುವ ಹೀಲಿಯಂ ಸೆಲ್ ಇಲ್ಲದೆ ಅಳೆದ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಇನ್ನು ಜೀವಿಗಳ ಕಡೆ. ನನಗೆ ತುಂಬ ಇಷ್ಟವಾದ ಭಾಗ ಇದು: ಕೆಸರಿನ ಸೂಕ್ಷ್ಮಜೀವಿಗಳು ಆರ್ಸೆನೇಟನ್ನು ಆರ್ಸೆನೈಟ್ ಮಾಡುತ್ತವೆಯೇ ಅಂತ ನೋಡುವುದು. ಕೆಸರನ್ನು ಉಪ್ಪುನೀರಿನ ಜೊತೆ ಗಾಜಿನ ಬಾಟಲಿಗೆ ಹಾಕಿ, ನೈಟ್ರೋಜನ್ ಹಾಯಿಸಿ, ದಪ್ಪ ಬ್ಯೂಟೈಲ್ ರಬ್ಬರ್ ಬಿರಡೆ ಹಾಕುತ್ತೇವೆ. ಕೆಲವಕ್ಕೆ ಲ್ಯಾಕ್ಟೇಟ್ ಆಹಾರ, ಕೆಲವಕ್ಕೆ ಏನೂ ಇಲ್ಲ. ಕೆಲವನ್ನು ಆಟೋಕ್ಲೇವ್ ಮಾಡಿ ಜೀವಿಗಳನ್ನು ಕೊಂದಿರುತ್ತೇವೆ. ಕೊಂದ ಬಾಟಲಿ ಇಲ್ಲದಿದ್ದರೆ, ಕಂಡ ಬದಲಾವಣೆ ಜೀವಿಗಳದ್ದೋ ಬರೀ ರಸಾಯನದ್ದೋ ಹೇಳಲಿಕ್ಕೇ ಆಗದು. ಆಮ್ಲಜನಕ ಇದೆಯೇ ಅಂತ ತೋರಿಸುವ ರೆಸಾಜುರಿನ್ ಬಣ್ಣ ಹನಿಸಿದ್ದರೆ, ಗುಲಾಬಿ ಬಣ್ಣ ಹೋಗಿ ನೀರು ಬಣ್ಣವಿಲ್ಲದ್ದಾದಾಗ ಆಮ್ಲಜನಕ ಮುಗಿಯಿತು ಅಂತ ಲೆಕ್ಕ.

ಆರ್ಸೆನೇಟ್ ಆರ್ಸೆನೈಟ್ ಆಯಿತೇ ಅಂತ ಬೇಗ ನೋಡಲು ಬೆಳ್ಳಿ ನೈಟ್ರೇಟ್ ಸಾಕು. ಒಂದು ಹನಿ ಬಿಟ್ಟರೆ ಆರ್ಸೆನೇಟ್ ಇದ್ದಲ್ಲಿ ಕಂದು, ಆರ್ಸೆನೈಟ್ ಇದ್ದಲ್ಲಿ ಹಳದಿ ಗಸಿ ಬರುತ್ತದೆ. ಉಪ್ಪು ಜಾಸ್ತಿಯಾದರೆ ಬೆಳ್ಳಿ ಕ್ಲೋರೈಡಿನ ಬಿಳಿ ಗಸಿ ಎಲ್ಲವನ್ನೂ ಮುಚ್ಚಿಬಿಡುತ್ತದೆ, ಫಾಸ್ಫೇಟ್ ಇದ್ದರೆ ಸುಮ್ನೆ ಹಳದಿ ತೋರಿಸುತ್ತದೆ. ಎರಡೂ ಕಡಿಮೆ ಇರುವ ಮಾಧ್ಯಮ ಬೇರೆಯೇ ಮಾಡಿಕೊಳ್ಳಿ.

ಜೀನ್ ಹುಡುಕುವವರು ಎಆರ್‌ಎಸ್-ಸಿ ಮತ್ತು ಎಆರ್‌ಆರ್-ಎ ಎರಡನ್ನೂ ಒಂದೇ ಅಂತ ನೋಡಬಾರದು. ಮೊದಲನೆಯದು ಇರುವ ಬ್ಯಾಕ್ಟೀರಿಯಾ ತನ್ನ ಜೀವ ಉಳಿಸಿಕೊಳ್ಳಲು ವಿಷವನ್ನು ಆರ್ಸೆನೈಟ್ ಮಾಡಿ ಹೊರಗೆ ದಬ್ಬುತ್ತದೆ. ಎರಡನೆಯದು ಇರುವುದು ಆರ್ಸೆನೇಟನ್ನೇ ಉಸಿರಾಡುತ್ತದೆ, ನಮಗೆ ಆಮ್ಲಜನಕ ಇದ್ದ ಹಾಗೆ. ಮಣ್ಣಿಗೆ ಅಂಟಿಕೊಂಡ ಆರ್ಸೆನಿಕ್ ಹೊರಬರುವುದನ್ನು ಅರ್ಥಮಾಡಿಕೊಳ್ಳಬೇಕಾದರೆ ನಾನು ಮೊದಲು ಹುಡುಕುವುದು ಎರಡನೆಯದನ್ನು.

ಬಾಟಲಿಯಲ್ಲಿ ಆರ್ಸೆನಿಕ್ ಹಿಡಿದಿಟ್ಟ ಕಬ್ಬಿಣದ ಆಕ್ಸೈಡ್ ಕರಗಿದ ಕೂಡಲೇ ನೀರಿನಲ್ಲಿ ಆರ್ಸೆನಿಕ್ ಏರಬೇಕು ಅಂತ ಕಾಯುವವರು ಸ್ವಲ್ಪ ತಾಳಬೇಕು. ಬಿಡಿಸಿಕೊಂಡ ಆರ್ಸೆನಿಕ್ ಉಳಿದ ಆಕ್ಸೈಡಿಗೆ ಮತ್ತೆ ಅಂಟುತ್ತದೆ. ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಎದ್ದರೆ, ಅವು ಮಾಡುವ ಸಲ್ಫೈಡ್ ಒಂದಿಷ್ಟು ಆರ್ಸೆನಿಕ್ಕನ್ನು ಕಬ್ಬಿಣದ ಸಲ್ಫೈಡಿನ ಜೊತೆ ಕಟ್ಟಿಹಾಕುತ್ತದೆ, ಸಲ್ಫೈಡ್ ಇನ್ನೂ ಹೆಚ್ಚಿದರೆ ಗಂಧಕ ಸೇರಿದ ಥಯೋಆರ್ಸೆನೇಟ್ ಆಗಿ ಮತ್ತೆ ನೀರಿಗೇ ಬರುತ್ತದೆ. ಅದಕ್ಕೇ ನಾನು ಪ್ರತಿ ಬಾಟಲಿಯಿಂದ ನೀರು ತೆಗೆದಾಗಲೂ ಕಬ್ಬಿಣ, ಆರ್ಸೆನಿಕ್ ಜೊತೆ ಸಲ್ಫೈಡನ್ನೂ ಅಳೆಯುತ್ತೇನೆ, ಅದೂ ಮೊದಲು, ಅದು ಗಾಳಿಗೆ ಹಾರಿಹೋಗುವ ಮುಂಚೆ.