ಫೌಜಿ ಕೈ ನನ್ನ ಕಾಲಿಗಿ ಬ್ಯಾಡ

ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಹವಾಲ್ದಾರನಾಗಿ ನಿವೃತ್ತನಾಗಿ ಕಲಬುರಗಿಗೆ ಬಂದ ಹೊಸದರಲ್ಲಿ, ಹಾಸಿಗೆ ಹಿಡಿದಿದ್ದ ಮಾಜಿ ಸೈನಿಕರೊಬ್ಬರ ಹುಣ್ಣಿಗೆ ಪಟ್ಟಿ ಕಟ್ಟಲು ಕರೆ ಬಂತು. ಹೋದೆ. ಅಲ್ಲಿಂದ ಮತ್ತೊಂದು ಮನೆ, ಮಗದೊಂದು ಮನೆ. ಈಗ ನಗರದಲ್ಲಿ, ಆಳಂದ ಮತ್ತು ಸೇಡಂ ಕಡೆ ಸೇರಿ 11 ಮನೆಗಳಿಗೆ ಹೋಗುತ್ತೇವೆ. ಸಂಸ್ಥೆ ಎಂದೇನೂ ಇಲ್ಲ. ನಾನು, ನನ್ನ ಹೆಂಡತಿ, ಒಂದು ಮೋಟಾರ್ ಸೈಕಲ್, ಒಂದು ಚೀಲ, ಒಂದು ನೋಟ್‌ಬುಕ್. ಔಷಧ ಬರೆಯುವುದು ಡಾಕ್ಟರ ಕೆಲಸ. ಬರೆದದ್ದು ಮನೆಯಲ್ಲಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು ನಮ್ಮದು.

ಫೌಜಿಗಳ ಮನೆಯಲ್ಲಿ ಕೆಲಸ ನನಗೆ ಸಲೀಸು. ಹೇಳಿದ ಹೊತ್ತಿಗೆ ಹೋದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ಸೇಡಂ ಕಡೆಯ ಒಬ್ಬ ಸುಬೇದಾರ್ ಸಾಬ್‌ಗೆ ಲಕ್ವಾ ಹೊಡೆದು ಬಲಭಾಗ ಬಿದ್ದಿದೆ. ಮನೆಯವರು ಅವರನ್ನು ಪ್ರೀತಿಯಿಂದ ನಾಲ್ಕು ಪದರ ಕೌದಿಯ ಮೇಲೆ ಮಲಗಿಸಿದ್ದರು. ಕೌದಿಯ ಹೊಲಿಗೆ, ಅದರ ಮೇಲಿನ ಬೆವರು, ಎರಡೂ ಸೇರಿ ಸೊಂಟದ ಕೆಳಗೆ ಚರ್ಮ ಕೆಂಪಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟಾಗ ಆ ಕೆಂಪು ಬಿಳಿಯಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಮೇಲೊಂದು ಒಗೆದ ಧೋತರ ಸುಕ್ಕಿಲ್ಲದಂತೆ ಎಳೆದು ಹಾಸಿಸಿದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಬೇಕು ಎಂದು ಸೊಸೆಗೆ ಕೈಹಿಡಿದು ಕಲಿಸಿದೆ. ಅಂಗಿ ತೊಡಿಸುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ.

ಅವರು 1987ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿದ್ದವರು. ರಾತ್ರಿ ಚೀರಿಕೊಂಡು ಏಳುತ್ತಾರೆ. ಎಬ್ಬಿಸಲು ಭುಜ ಅಲ್ಲಾಡಿಸಿದ ಮೊಮ್ಮಗನಿಗೆ ಒಮ್ಮೆ ಎಡಗೈಯ ಏಟು ಬಿದ್ದು, ಹುಡುಗ ಅಜ್ಜನ ಹತ್ತಿರ ಮಲಗುವುದನ್ನೇ ಬಿಟ್ಟಿದ್ದ. ಮೈ ಮುಟ್ಟಬೇಡ, ದೀಪ ಹಾಕು, ಕಾಲ ಬದಿ ನಿಂತು ಹೆಸರು ಹಿಡಿದು ಕೂಗು, ಯಾವ ಊರು, ಯಾರ ಮನೆ ಎಂದು ಹೇಳು ಅಂದೆ. ಈಗ ಹುಡುಗ ಮತ್ತೆ ಅಲ್ಲೇ ಮಲಗುತ್ತಾನೆ. ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಫೋನ್ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಗೋಡೆಯ ಮೇಲೆ ಬರೆದಿಟ್ಟಿದ್ದೇವೆ. ಸುಬೇದಾರ್ ಸಾಬ್ ಎರಡು ಸಲ ತಾವೇ ಫೋನ್ ಮಾಡಿಸಿ ಮಾತಾಡಿದ್ದಾರೆ.

ನಾನು ಸೋತದ್ದು ವೀರ ನಾರಿಯರ, ಅಂದರೆ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರ ಮನೆಯಲ್ಲಿ. ಆಳಂದ ಕಡೆ ಒಬ್ಬ ಆಯಿ ಇದ್ದಾರೆ. ಗಂಡ 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಗಡಿಯಲ್ಲಿ ತೀರಿಕೊಂಡಾಗ ಆಯಿಗೆ 22 ವರ್ಷ. ಮೂರು ತಿಂಗಳು ಪ್ರತಿ ಬುಧವಾರ ಅವರ ಮನೆಗೆ ಹೋದೆ. ಬಿ.ಪಿ. ನೋಡುವುದು, ಸಕ್ಕರೆ ನೋಡುವುದು, ಗುಳಿಗೆ ಎಣಿಸಿ ಇಡುವುದು. ಹೇಗಿದ್ದೀರಿ ಅಂದರೆ "ಆರಾಮ್ ಅದೀನಿ ಬಾ ತಮ್ಮಾ, ಚಾ ಕುಡಿ" ಅನ್ನುವರು. ಸೀರೆಯ ನೆರಿಗೆಯೊಳಗೆ ಕಾಲು ಮಡಚಿಕೊಂಡೇ ಕೂತಿರುತ್ತಿದ್ದರು. ಆರಾಮ್ ಎಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದೆ. ಆ ಹಾಳೆಗಳನ್ನು ಈಗ ತೆಗೆದು ನೋಡಿದರೆ ಹೊಟ್ಟೆ ಕಿವುಚುತ್ತದೆ.

ಮೇ ತಿಂಗಳಲ್ಲಿ ಒಮ್ಮೆ ಹೆಂಡತಿ ಜೊತೆಗೆ ಬಂದಳು. ಅವಳು ಏನೂ ಕೇಳಲಿಲ್ಲ. ಆಯಿಯ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಕಾಲು ತೊಳೆಯಲು ಬೋಗುಣಿಯಲ್ಲಿ ನೀರು ತಂದಳು. ಬಲಗಾಲ ಅಡಿಯಲ್ಲಿ ಅರಿಶಿನ ಮೆತ್ತಿದ ಬಟ್ಟೆ, ಅದರ ಕೆಳಗೆ ರೂಪಾಯಿ ಅಗಲದ ಹುಣ್ಣು. ಅಂಗಳಕ್ಕೆಲ್ಲ ಶಹಾಬಾದ್ ಫರಸಿ ಹಾಸಿದ ಮನೆ ಅದು. ನಮ್ಮ ಕಡೆಯ ಬೇಸಿಗೆ ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡಲು ಬಾರದು. ಸಕ್ಕರೆ ಕಾಯಿಲೆಯಿಂದ ಆಯಿಯ ಅಂಗಾಲಿಗೆ ಸ್ಪರ್ಶವೇ ಹೋಗಿತ್ತು. ಕೊಡ ಹೊತ್ತು ಓಡಾಡಿದಾಗ ಸುಟ್ಟು ಗುಳ್ಳೆ ಎದ್ದಿದ್ದೂ ತಿಳಿದಿರಲಿಲ್ಲ.

ನನ್ನ ಗಂಡನಿಗೆ ಯಾಕೆ ತೋರಿಸಲಿಲ್ಲ ಅಂತ ಹೆಂಡತಿ ಕೇಳಿದ್ದಕ್ಕೆ ಆಯಿ ಅಂದದ್ದು: "ಅವರೂ ಫೌಜಿನೇ ಇದ್ರು. ಫೌಜಿ ಕೈ ನನ್ನ ಕಾಲಿಗಿ ಬ್ಯಾಡ."

ಅಂದಿನಿಂದ ವೀರ ನಾರಿಯರ ಮನೆಗೆ ಮೊದಲು ಹೆಂಡತಿ ಹೋಗುತ್ತಾಳೆ. ನಾನು ಕಟ್ಟೆಯ ಮೇಲೆ ಕಾಗದಪತ್ರ ನೋಡುತ್ತ ಕೂಡುತ್ತೇನೆ. "ಆರಾಮಾ?" ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ತಲೆ, ಬೆನ್ನು, ಕಾಲು, ಇಷ್ಟನ್ನು ಅವಳು ಕಣ್ಣಾರೆ ನೋಡಿದ ಮೇಲೆಯೇ ನೋಟ್‌ಬುಕ್ ತೆರೆಯುವುದು. ಸಕ್ಕರೆ ಇರುವವರ ಮನೆಯಲ್ಲಿ ಕೈಕನ್ನಡಿ ಇಟ್ಟು ದಿನಾ ಸಂಜೆ ಅಂಗಾಲು ನೋಡಿಕೊಳ್ಳುವ ರೂಢಿ ಮಾಡಿಸಿದ್ದೇವೆ.

ಆಯಿಯ ಹುಣ್ಣನ್ನು ಡಾಕ್ಟರಿಗೆ ತೋರಿಸಬೇಕಾದಾಗ ಗೊತ್ತಾಯಿತು, ಅವರಿಗೆ ಮಾಜಿ ಸೈನಿಕರ ಕುಟುಂಬಗಳ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡೇ ಇಲ್ಲ. 2003ರಲ್ಲಿ ಶುರುವಾದ ಯೋಜನೆ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು ಸದಸ್ಯತ್ವಕ್ಕೆ ಹಣ ಕಟ್ಟಬೇಕಾಗಿಯೂ ಇಲ್ಲ. ಹೇಳುವವರಿರಲಿಲ್ಲ, ಅಷ್ಟೇ. ಟ್ರಂಕು ತೆಗೆಸಿ ಪಿಂಚಣಿ ಆದೇಶ ಓದಿದೆ. ಆಯಿಯ ಹುಟ್ಟಿದ ತಾರೀಖಿನ ಜಾಗ ಖಾಲಿ. 80 ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚುವರಿ ಸಿಗಬೇಕು, 85ಕ್ಕೆ ಅದು ಶೇ 30. ತಾರೀಖೇ ಇಲ್ಲದಿದ್ದರೆ ವಯಸ್ಸಾಯಿತೆಂದು ಅಲ್ಲಿ ಯಾರಿಗೆ ತಿಳಿಯಬೇಕು? ಆಯಿಗೆ ಆಗ 82. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆವು. ನೀವೇನಾದರೂ ಇಂಥ ಮನೆಗೆ ಹೋಗುವುದಿದ್ದರೆ ಮೊದಲ ದಿನವೇ ಆ ಒಂದು ಕಾಗದ ಬಿಡಿಸಿ ಹೆಸರು, ತಾರೀಖು ಆಧಾರ್ ಜೊತೆ ತಾಳೆ ನೋಡಿ.

ಪಿಂಚಣಿ ಪಡೆಯುವವರು ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣಪತ್ರಕ್ಕೂ ಇದೇ ಪಾಡು. ಜೀವನವಿಡೀ ರೊಟ್ಟಿ ಬಡಿದ ಕೈ, ಬೆರಳಿನ ಗೆರೆ ಸವೆದು ಯಂತ್ರ ಹಿಡಿಯುವುದಿಲ್ಲ. ಹಾಗಾಗಿ ನವೆಂಬರ್‌ನಲ್ಲಿ ನನ್ನ ಮೊಬೈಲ್‌ನಲ್ಲೇ ಮುಖ ತೋರಿಸಿ ಮಾಡಿಸುತ್ತೇನೆ, ಮನೆ ಬಾಗಿಲಲ್ಲಿ, ಬೆಳಕು ಚೆನ್ನಾಗಿರುವಲ್ಲಿ ಕೂಡಿಸಿ.

ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಹೆಚ್ಚುವರಿ ಪಿಂಚಣಿ ಬಾಕಿ ಸಮೇತ ಬಂತು. ಆ ದುಡ್ಡಿನಲ್ಲಿ ಆಯಿ ಪಕ್ಕದ ಮನೆಯ ಸೊಸೆಗೆ ತಿಂಗಳ ಪಗಾರ ಗೊತ್ತುಮಾಡಿದ್ದಾರೆ. ಅವಳು ಬೆಳಿಗ್ಗೆ ಬಂದು ನೀರು ತುಂಬಿ, ರೊಟ್ಟಿ ಬಡಿದು, ಕನ್ನಡಿಯಲ್ಲಿ ಕಾಲು ನೋಡಿ ಹೋಗುತ್ತಾಳೆ. ಅವಳಿಗೆ ಪಟ್ಟಿ ಕಟ್ಟುವುದನ್ನು ನನ್ನ ಹೆಂಡತಿ ಕಲಿಸುತ್ತಿದ್ದಾಳೆ. ಹೊಸ್ತಿಲ ಹತ್ತಿರ ಎರಡು ಜೊತೆ ಚಪ್ಪಲಿ ಇವೆ: ಒಂದು ಅಂಗಳಕ್ಕೆ, ಒಂದು ಒಳಗೆ.