ರೌಟರ್‌ನಲ್ಲಿ ಗ್ರೂವ್: ಗೈಡ್ ಪಟ್ಟಿ ಯಾವ ಕಡೆ?

ಮನೆಯಲ್ಲೇ ಮರಗೆಲಸ ಮಾಡುವವರ ಕೈಗೂ ಈಗ ರೌಟರ್, ಅಂದರೆ ಮರದಲ್ಲಿ ಗ್ರೂವ್ (ಉದ್ದನೆಯ ತೋಡು) ಕೊರೆಯುವ ಕೈ ಮಷೀನು, ಬಂದಿದೆ. ಜೊತೆಗೆ ಗೆರೆ ಬಿಟ್ಟು ಓಡಿದ ಗ್ರೂವ್‌ಗಳೂ ಜಾಸ್ತಿಯಾಗಿವೆ. ಪುಸ್ತಕದ ಕಪಾಟಿನ ಪಕ್ಕದ ಹಲಗೆಗೆ, ಪುಸ್ತಕ ಇಡುವ ಹಲಗೆ ಕೂರುವಂತೆ, ಅಡ್ಡ ಗ್ರೂವ್ ಹೊಡೆಯುವುದನ್ನೇ ತಗೊಳ್ಳೋಣ. 18 ಮಿ.ಮೀ. ಪ್ಲೈವುಡ್‌ಗೆ 6 ಮಿ.ಮೀ. ಆಳ ಸಾಕು.

ಮೊದಲು ಬಿಟ್, ಅಂದರೆ ತಿರುಗಿ ಮರ ಕೊಚ್ಚುವ ಅಲಗು. ಹದಿನೈದು ಬಿಟ್‌ಗಳ ಅಗ್ಗದ ಪೆಟ್ಟಿಗೆ ಬೇಡವೇ ಬೇಡ. ಅದೇ ದುಡ್ಡಿಗೆ 12 ಮಿ.ಮೀ.ನ ಒಳ್ಳೆಯ ಕಾರ್ಬೈಡ್ (ಸ್ಟೀಲ್‌ಗಿಂತ ಗಟ್ಟಿ) ಸ್ಟ್ರೈಟ್ ಬಿಟ್, ಅಂದರೆ ನೇರ ಅಂಚಿನದು, ಒಂದು ತನ್ನಿ. ಪ್ಲೈನ ಅಂಟು ಮಾಮೂಲಿ ಸ್ಟೀಲ್ ಬಿಟ್ಟನ್ನು ಬೇಗ ಮೊಂಡು ಮಾಡುತ್ತದೆ.

ಪ್ಲಗ್ ಕಿತ್ತೇ ಬಿಟ್ ಹಾಕಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಬಿಟ್‌ನ ದಂಟನ್ನು ಕಾಲೆಟ್‌ನ (ಬಿಟ್ ಹಿಡಿಯುವ ತೂತಿನ) ತಳ ಮುಟ್ಟುವಂತೆ ಇಳಿಸಿ, ಎರಡು-ಮೂರು ಮಿ.ಮೀ. ಮೇಲೆತ್ತಿ ಬಿಗಿ ಮಾಡಿ. ತಳಕ್ಕೆ ತಾಗಿಸಿಯೇ ತಿರುಗಿಸಿದರೆ ನಟ್ ಬಿಗಿಯಾದ ಹಾಗೆ ಅನಿಸುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಇನ್ನೊಂದು ವಿಷಯ: ಕಾಲು ಇಂಚು ಅಂದರೆ 6.35 ಮಿ.ಮೀ., 6 ಅಲ್ಲ. 6 ಮಿ.ಮೀ. ದಂಟಿನ ಬಿಟ್‌ಗೆ ಟೇಪ್ ಸುತ್ತಿ ಕಾಲು ಇಂಚಿನ ಕಾಲೆಟ್‌ಗೆ ತುರುಕುವವರಿದ್ದಾರೆ. ನಿಮಿಷಕ್ಕೆ 20-30 ಸಾವಿರ ಸುತ್ತು ತಿರುಗುವ ಮಷೀನಿನಿಂದ ಬಿಟ್ ಹಾರಿದರೆ ಯಾರಿಗೆ ತಾಗುತ್ತದೋ ಹೇಳಲಾಗದು.

ಹಲಗೆಯನ್ನು ಮೇಜಿಗೆ ಕ್ಲ್ಯಾಂಪ್ ಮಾಡಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕಿವಿಗೆ ರಕ್ಷಣೆ. ಸಡಿಲ ತೋಳು, ಹೆಗಲ ಮೇಲೆ ಟವೆಲ್, ಕೈಗವಸು ಯಾವುದೂ ಬೇಡ.

ಇನ್ನು ಎಲ್ಲರೂ ಎಡವುವ ಜಾಗ. ಮೇಲಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ನೀವು ಮಷೀನನ್ನು ಮುಂದಕ್ಕೆ ತಳ್ಳುವಾಗ ಬಿಟ್‌ನ ಮುಂಭಾಗ ಮರವನ್ನು ಎಡದಿಂದ ಬಲಕ್ಕೆ ಕೊಚ್ಚುತ್ತದೆ. ಮರ ತಿರುಗಿ ನೂಕುತ್ತದೆ, ಮಷೀನು ಎಡಕ್ಕೆ ಎಳೆಯುತ್ತದೆ. ಆದ್ದರಿಂದ ಗೈಡ್ ಪಟ್ಟಿಯನ್ನು, ಅಂದರೆ ಮಷೀನು ಒರಗಿ ಸಾಗುವ ನೇರ ಪಟ್ಟಿಯನ್ನು, ಎಡಗಡೆಯೇ ಕಟ್ಟಬೇಕು. ಆಗ ಆ ಎಳೆತವೇ ಮಷೀನಿನ ಬೇಸನ್ನು (ತಳದ ತಟ್ಟೆಯನ್ನು) ಪಟ್ಟಿಗೆ ಒತ್ತಿ ಹಿಡಿಯುತ್ತದೆ. ಪಟ್ಟಿ ಬಲಗಡೆ ಇದ್ದರೆ ಇಡೀ ಹೊತ್ತು ಮಷೀನಿನ ಜೊತೆ ಜಗ್ಗಾಡಬೇಕು, ಒಂದು ಕ್ಷಣ ಕೈ ಸಡಿಲವಾದರೂ ಗ್ರೂವ್ ಸೊಟ್ಟ. ಮಷೀನಿನ ಜೊತೆ ಬರುವ, ಹಲಗೆಯ ಅಂಚಿಗೆ ತಾಗಿ ಸಾಗುವ ಗೈಡ್ ಹಾಕಿದರೆ ಮಾತ್ರ ಲೆಕ್ಕ ಉಲ್ಟಾ. ಅದು ಬಲಗಡೆ ಇರಬೇಕು.

ಅಗಲದ ವಿಷಯಕ್ಕೆ ಬರೋಣ. 18 ಎಂದು ಕೊಟ್ಟ ಪ್ಲೈ ಒಂದಿಷ್ಟು ತೆಳ್ಳಗಿರುವುದು ಮಾಮೂಲು. ಹಾಗಾಗಿ 18ರ ಬಿಟ್‌ನಲ್ಲಿ ಒಂದೇ ಸಲ ಹೊಡೆದರೆ ಹಲಗೆ ಲೊಡಲೊಡ. 12ರ ಬಿಟ್‌ನಲ್ಲಿ ಎರಡು ಸಾಲು ಹೊಡೆದು ಅಳತೆಗೆ ತನ್ನಿ. ಮೊದಲು ಪಟ್ಟಿಯಿಂದ ದೂರದ ಅಂಚು. ಆಮೇಲೆ ಪಟ್ಟಿಯನ್ನು ಎಡಕ್ಕೆ ಸರಿಸಿ ಹತ್ತಿರದ ಅಂಚು. ಈ ಕ್ರಮ ತಿರುಗಿಸಬೇಡಿ. ತಿರುಗಿಸಿದರೆ ಬಿಟ್ ಬಲಗೋಡೆಯನ್ನು ಮಾತ್ರ ಕಚ್ಚಿ, ಮಷೀನನ್ನೇ ಮುಂದಕ್ಕೆ ಎಳೆದುಕೊಂಡು ಓಡುತ್ತದೆ. ಕೈ ತಪ್ಪುವುದು ಹೆಚ್ಚಾಗಿ ಹೀಗೇ.

ಆಳ ಒಂದು ಸಲಕ್ಕೆ 2-3 ಮಿ.ಮೀ., ಅಷ್ಟೇ. 6 ಮಿ.ಮೀ. ಒಟ್ಟಿಗೇ ಇಳಿಸಿ ಸಮಯ ಉಳಿಸುತ್ತೇನೆ ಅಂದರೆ ಬಿಟ್ ಸುಡುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಚೂರು ಹಲಗೆಯಲ್ಲಿ ಒಮ್ಮೆ ಹೊಡೆದು ನೋಡಿ.

ಪೂರ್ತಿ ವೇಗ ಬಂದ ಮೇಲೆ ಮರಕ್ಕೆ ತಾಗಿಸಿ. ಸಮನಾಗಿ ತಳ್ಳುತ್ತಾ ಹೋಗಿ, ನಡುವೆ ನಿಂತರೆ ಕಪ್ಪು ಕಲೆ ಬೀಳುತ್ತದೆ. ಬಿಟ್ ಹೊರಬರುವ ತುದಿಯಲ್ಲಿ ಪ್ಲೈ ಸಿಬಿರೇಳದಂತೆ ಒಂದು ಚೂರು ಮರ ಒತ್ತಿಟ್ಟು ಕ್ಲ್ಯಾಂಪ್ ಮಾಡಿರಬೇಕು. ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ, ಬಿಟ್ ಪೂರ್ತಿ ನಿಂತ ಮೇಲೇ ಮಷೀನು ಕೆಳಗಿಡಿ.

ಆಮೇಲೂ ಸುಟ್ಟ ವಾಸನೆ ಬರುತ್ತಿದ್ದರೆ ಬಿಟ್‌ಗೆ ಅಂಟು ಮೆತ್ತಿದೆಯೇ ನೋಡಿ. ಬಿಟ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಒರೆಸಿ ಒಣಗಿಸಿಯೇ ಮತ್ತೆ ಹಾಕಿ. ಅಂಟು ಹೋದರೂ ಸುಡುತ್ತಿದ್ದರೆ ಬಿಟ್ ಮೊಂಡಾಗಿದೆ, ಬದಲಿಸಿ.